ನಾನೂರಕ್ಕೆ ಒಂದು ಕಡಿಮೆ

ನಾವು ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್‌ಗೆ ಬಂದು ನೆಲೆಸಿದ್ದು 2011ರಲ್ಲಿ. ಇಲ್ಲಿಯವರ ಫುಟ್‌ಬಾಲ್ ನಮ್ಮೂರಿನ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಮರುವರ್ಷ ಒಂದು ಶುಕ್ರವಾರ ಪಕ್ಕದ ಮನೆಯವರು ಡಿ ಲಾ ಸಾಲ್ ಹೈಸ್ಕೂಲಿನ ಪಂದ್ಯಕ್ಕೆ ಕರೆದೊಯ್ದರು. ಆನೆಮರಿಗಳಂಥ ಹದಿನೇಳರ ಹುಡುಗರು ಇಬ್ಬಿಬ್ಬರಾಗಿ ಕೈಹಿಡಿದುಕೊಂಡು, ಒಂದನೆಯ ತರಗತಿಯ ಮಕ್ಕಳ ಹಾಗೆ, ಮೈದಾನಕ್ಕೆ ನಡೆದುಬಂದರು. ನನ್ನ ಗಂಟಲು ಕಟ್ಟಿತು.

ಅವರನ್ನು ಹಾಗೆ ಬೆಳೆಸಿದವರು ಬಾಬ್ ಲ್ಯಾಡಸರ್, ಹುಡುಗರ ಬಾಯಲ್ಲಿ 'ಕೋಚ್ ಲ್ಯಾಡ್'. 1979ರಲ್ಲಿ ಅವರು ಬಂದಾಗ ವಯಸ್ಸು ಇಪ್ಪತ್ತೈದು. ಅದುವರೆಗೆ ಈ ಶಾಲೆಯ ತಂಡ ಯಾವ ವರ್ಷವೂ ಸೋಲಿಗಿಂತ ಹೆಚ್ಚು ಗೆಲುವು ಕಂಡಿರಲಿಲ್ಲ. ಅದೇ ತಂಡ 1992ರಿಂದ ಸತತವಾಗಿ 151 ಪಂದ್ಯಗಳನ್ನು ಗೆದ್ದಿತು. 2004ರಲ್ಲಿ ಸಿಯಾಟಲ್‌ನಲ್ಲಿ ಬೆಲ್‌ವ್ಯೂ ತಂಡ ಆ ಓಟವನ್ನು ತಡೆಯಿತು. ಇಷ್ಟಾದರೂ ಅವರು ಬರೀ ಕೋಚ್ ಆಗಿರಲಿಲ್ಲ, ತರಗತಿಯಲ್ಲಿ ಧರ್ಮದ ಪಾಠ ಹೇಳುವ ಮೇಷ್ಟರೂ ಆಗಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಅವರ ಚೀಟಿಯ ಪದ್ಧತಿ. ಈ ವಾರ ಅಭ್ಯಾಸದಲ್ಲಿ ಏನು ಸಾಧಿಸುತ್ತೇನೆ, ಪಂದ್ಯದಲ್ಲಿ ಏನು ಮಾಡುತ್ತೇನೆ ಎಂದು ಪ್ರತಿ ಹುಡುಗನೂ ಒಂದು ಕಾರ್ಡಿನಲ್ಲಿ ಬರೆಯಬೇಕು, ಎಲ್ಲರೆದುರು ಓದಬೇಕು, ಆಮೇಲೆ ಅದನ್ನು ಜೊತೆಗಾರನ ಕೈಗೆ ಕೊಡಬೇಕು. ಮಾತು ಉಳಿಸಿಕೊಂಡೆಯಾ ಎಂದು ಕೇಳುವವನು ಆ ಜೊತೆಗಾರ. ನಮ್ಮ ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ನಾವು ಹೆದರುತ್ತಿದ್ದದ್ದು ಪಿ.ಟಿ. ಮೇಷ್ಟರ ಸೀಟಿಗೆ, ಅವರ ಬೆತ್ತಕ್ಕೆ. ಅವರು ಆಚೆ ಹೋದರೆ ಆಟವೂ ಸಡಿಲ. ಇಲ್ಲಿ ಹುಡುಗ ಸ್ನೇಹಿತನ ಮುಖ ನೋಡಬೇಕು, ಅದು ಬೆತ್ತಕ್ಕಿಂತ ಕಷ್ಟ. ಮನೆಯಲ್ಲಿ ನನ್ನ ಮಗನೂ ನಾನೂ ಭಾನುವಾರ ರಾತ್ರಿ ಇಂಥ ಚೀಟಿ ಬದಲಾಯಿಸಿಕೊಳ್ಳಲು ಶುರುಮಾಡಿದೆವು.

2012ರ ಡಿಸೆಂಬರ್‌ನಲ್ಲಿ ತಂಡ ರಾಜ್ಯದ ಅಂತಿಮ ಪಂದ್ಯ ಗೆದ್ದಿತು. ಅದು ಕೋಚ್ ಲ್ಯಾಡ್ ಅವರ 399ನೆಯ ಗೆಲುವು. 34 ವರ್ಷಗಳಲ್ಲಿ ಸೋತದ್ದು ಬರೀ 25. ಇನ್ನೊಂದೇ ಒಂದು ಪಂದ್ಯ ಗೆದ್ದರೆ ನಾನೂರು! ಜನವರಿಯಲ್ಲಿ ಅವರು ಮುಖ್ಯ ಕೋಚ್ ಸ್ಥಾನ ಬಿಟ್ಟುಕೊಟ್ಟರು. ಆ ಜಾಗಕ್ಕೆ ಬಂದದ್ದು ಅವರದೇ ಹಳೆಯ ಶಿಷ್ಯ ಜಸ್ಟಿನ್ ಅಲಂಬಾ. ಮುಂದಿನ ಋತುವಿನಲ್ಲಿ ಗುರು ಅದೇ ಶಿಷ್ಯನ ಕೈಕೆಳಗೆ ಸಹಾಯಕರಾಗಿ ನಿಂತು ಹುಡುಗರಿಗೆ ಕಲಿಸಿದರು.