ಎಕನೊಮೆಟ್ರಿಕ್ಸ್ ಕಲಿಕೆ, ಒಂಬತ್ತನೇ ವಾರ: ಉದುರಿದ ನಕ್ಷತ್ರಗಳು

ಈ ವಾರ ನನ್ನ ಫಲಿತಾಂಶದ ಟೇಬಲ್‌ನಲ್ಲಿದ್ದ ಎರಡು ನಕ್ಷತ್ರಗಳೂ ಉದುರಿದವು. ಸಿಕ್ಕಿದ್ದು ಬರೀ ಆಕಸ್ಮಿಕ ಇರಲಿಕ್ಕಿಲ್ಲ ಅನ್ನಲು ಅಂಕಿಯ ಪಕ್ಕ ಹಾಕುವ ಗುರುತು ಅವು. ಮೊದಲ ದಿನ ಬೇಜಾರಾಯಿತು. ಕಾರಣ ಗೊತ್ತಾದ ಮೇಲೆ ಖುಷಿಯಾಗಿದೆ.

ಪ್ರಶ್ನೆ ಹಳೆಯದೇ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಂದು ಜಾರಿಗೆ ಬಂತು. ನೆಟ್‌ವರ್ತ್ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ. ಇದರಲ್ಲಿ ಒಂದನ್ನು ಮುಟ್ಟಿದರೂ ಸಾಕು, ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಗಳಿಗೆ, ಹೋಗಬೇಕು. ಆ ದುಡ್ಡಿಗಾಗಿ ಷೇರುದಾರರಿಗೆ ಕೊಡುವ ಡಿವಿಡೆಂಡ್‌ಗೆ ಕತ್ತರಿ ಬಿತ್ತಾ? 60 ಕಂಪನಿ, 9 ವರ್ಷ, 540 ಸಾಲು. ಎಲ್ಲವೂ ವಾರ್ಷಿಕ ವರದಿ ನೋಡಿ ಕೈಯಲ್ಲೇ ಟೈಪ್ ಮಾಡಿದ್ದು.

ಡಿಫರೆನ್ಸ್ ಇನ್ ಡಿಫರೆನ್ಸಸ್ (ಕಾನೂನು ತಟ್ಟಿದ ಗುಂಪಿನಲ್ಲೂ ತಟ್ಟದ ಗುಂಪಿನಲ್ಲೂ ಕಾನೂನಿನ ಮುಂಚೆಗೂ ಆಮೇಲಿಗೂ ಆದ ಬದಲಾವಣೆಯ ಹೋಲಿಕೆ) ಓಡಿಸಿದಾಗ ಟಿ ಮೌಲ್ಯ 2.3 ಬಂದಿತ್ತು. ಟಿ ಮೌಲ್ಯ ಅಂದರೆ ಅಂದಾಜನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ (ಅಂದಾಜು ಎಷ್ಟು ಅಲುಗಾಡಬಹುದು ಅನ್ನುವ ಅಳತೆಯಿಂದ) ಭಾಗಿಸಿದ್ದು; ಅದು ತೀರಾ ಇಳಿದರೆ ನಕ್ಷತ್ರ ಉದುರುತ್ತದೆ. ಸ್ಟ್ಯಾಂಡರ್ಡ್ ಎರರ್ ಅನ್ನು ಕಂಪನಿವಾರು ಕ್ಲಸ್ಟರ್ ಮಾಡಿದೆ, ಅಂದರೆ ಒಂದೇ ಕಂಪನಿಯ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು ಅಂತ ಲೆಕ್ಕ ಹಾಕಿದೆ. ಟಿ ಮೌಲ್ಯ 1.4ಕ್ಕೆ ಇಳಿಯಿತು! ಅಂದಾಜು ಮಾತ್ರ ಅಷ್ಟೇ ಇತ್ತು.

ಇದು ಅರ್ಥವಾಗಿದ್ದು ತೀರ್ಥಹಳ್ಳಿಯಲ್ಲಿ, ಚಿಕ್ಕಪ್ಪನ ಅಡಿಕೆ ತೋಟದಲ್ಲಿ. "ಈ ಸಲ ಬೇಗ ಬೋರ್ಡೋ ಔಷಧಿ ಹೊಡೆಸಿದ್ದಕ್ಕೆ 200 ಮರಕ್ಕೂ ಕೊಳೆ ಬರಲಿಲ್ಲ ನೋಡು" ಅಂದರು. 200 ಮರ ಅಂದರೆ ದೊಡ್ಡ ಸಾಕ್ಷಿ ಅನಿಸುತ್ತದೆ, ಅಲ್ವಾ? ಆದರೆ ಎಲ್ಲವೂ ಒಂದೇ ತೋಟದವು. ಅದೇ ಮಳೆ, ಅದೇ ನೆರಳು, ಅದೇ ಬಸಿಗಾಲುವೆ. ಕೊಳೆರೋಗ ಬಂದರೆ ಒಂದು ಮರಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಅದು 200 ಸಾಕ್ಷಿ ಅಲ್ಲ, ಹೆಚ್ಚುಕಮ್ಮಿ ಒಂದೇ. ನನ್ನ ಕಂಪನಿಗಳೂ ಹಾಗೇ. ಈ ವರ್ಷ ಜಾಸ್ತಿ ಡಿವಿಡೆಂಡ್ ಕೊಟ್ಟ ಕಂಪನಿ ಮುಂದಿನ ವರ್ಷವೂ ಸಾಮಾನ್ಯವಾಗಿ ಕೊಡುತ್ತದೆ. ಅದರ 9 ಸಾಲುಗಳನ್ನು 9 ಬೇರೆ ಬೇರೆ ಸಾಕ್ಷಿ ಅಂತ ನಾನು ಎಣಿಸಿದ್ದೆ.

ಬರ್ಟ್ರಾಂಡ್, ಡಫ್ಲೋ, ಮುಲ್ಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು 2004ರಲ್ಲೇ ಇದನ್ನು ತೋರಿಸಿದ್ದಾರೆ. ಅಮೆರಿಕದ ಹೆಂಗಸರ ಸಂಬಳದ ಅಂಕಿಗಳಿಗೆ ಇಲ್ಲದ ಕಾನೂನುಗಳನ್ನು ಸುಮ್ನೆ ಅಂಟಿಸಿ ನೋಡಿದರು. 100ಕ್ಕೆ 5 ಸಲ ಮಾತ್ರ ಸಿಗಬೇಕಾದ "ಪರಿಣಾಮ" 45 ಸಲದವರೆಗೂ ಸಿಕ್ಕಿತು. ಓದಿ ಎದೆ ಝಲ್ಲೆಂದಿತು.

ಇನ್ನೊಂದು ತಪ್ಪನ್ನೂ ತಿದ್ದಿದೆ. ಯಾವ ಕಂಪನಿ ಯಾವ ಗುಂಪು ಅನ್ನುವುದನ್ನು ಪ್ರತಿ ವರ್ಷ ಬದಲಿಸುತ್ತಿದ್ದೆ. ಕಾನೂನು ಬಂದ ಮೇಲೆ ಲಾಭವನ್ನು 5 ಕೋಟಿಯ ಕೆಳಗೇ ತೋರಿಸುವ ಆಸೆ ಕೆಲವರಿಗೆ ಬರಬಹುದು. ಅದಕ್ಕೇ ಈಗ 2012-13ರ ಲೆಕ್ಕದ ಮೇಲೆ ಗುಂಪು ಗಟ್ಟಿ ಮಾಡಿದ್ದೇನೆ.

ಮುಂದಿನ ವಾರ 2014ಕ್ಕಿಂತ ಹಿಂದಿನ ಸಾಲುಗಳನ್ನಷ್ಟೇ ಇಟ್ಟುಕೊಂಡು, ಕಾನೂನು 2012ರಲ್ಲೇ ಬಂತು ಅಂತ ಸುಳ್ಳು ತಾರೀಖು ಕೊಟ್ಟು ಓಡಿಸುತ್ತೇನೆ. ಅಲ್ಲೂ ಪರಿಣಾಮ ಕಂಡರೆ ಎರಡು ಗುಂಪಿನ ಹೋಲಿಕೆಯಲ್ಲೇ ತೊಂದರೆ ಇದೆ, ಮೊದಲಿನಿಂದ ಕಂಪನಿ ಆರಿಸಬೇಕು.