ಕಡಲಿನ ಕಾವಲು, ಘಾಟಿಯ ನೆತ್ತಿಯಲ್ಲಿ

ಕಡಲಿಂದ ಬರುವ ಶತ್ರುವಿಗೆ ಸಕಲೇಶಪುರದಲ್ಲಿ ಯಾಕೆ ಗೋಡೆ? ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತುತ್ತಾ ನಮ್ಮ ಭಾವ ಕೇಳಿದ ಪ್ರಶ್ನೆ ಇದು. ಅವರು ಮಂಗಳೂರಿನ ಬೋಳೂರಿನವರು. ಮನೆ ಹತ್ತಿರವೇ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ ಅದು. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗಬಾರದು ಅಂತ ಕಟ್ಟಿದ್ದು. ಕಾವಲು ಅಂದರೆ ನೀರಿನ ಪಕ್ಕ ಇರಬೇಕು ಅನ್ನೋದು ಭಾವನ ಲೆಕ್ಕ.

ಉತ್ತರ 1783ರಲ್ಲಿದೆ. ಆ ವರ್ಷ ಜನರಲ್ ಮ್ಯಾಥ್ಯೂಸ್‌ನ ಬಾಂಬೆ ಸೈನ್ಯ, ಅಂದರೆ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಪಡೆ, ಕರಾವಳಿಯಲ್ಲಿ ಇಳಿಯಿತು. ಇಳಿದು ಅಲ್ಲೇ ಕೂರಲಿಲ್ಲ. ಹೊಸಂಗಡಿ ಘಾಟಿ ಹತ್ತಿ, ಮೇಲಿದ್ದ ಟಿಪ್ಪುವಿನ ಪಟ್ಟಣ ಬಿದನೂರನ್ನೇ ಹಿಡಿಯಿತು. ಟಿಪ್ಪು ಅದನ್ನು ವಾಪಸ್ ಗೆದ್ದು, ಮಂಗಳೂರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, 1784ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡ. ದಂಡೆಯಲ್ಲಿ ಗೋಡೆ ಇದ್ದರೆ ಸಾಲದು, ಹತ್ತಿ ಬರುವ ದಾರಿಯನ್ನೂ ಕಾಯಬೇಕು ಅಂತ ಅವನಿಗೆ ಆಗಲೇ ಅನಿಸಿರಬೇಕು ಅನ್ನೋದು ನನ್ನ ಊಹೆ. ಅವನು ಕಟ್ಟಿಸಿದ ಮಂಜರಾಬಾದ್ ಮುಗಿದದ್ದು 1792ರಲ್ಲಿ. ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರ. ಕೆಳಗೆ ಈಗಲೂ ಮಂಗಳೂರಿನ ಹೆದ್ದಾರಿ, ಲಾರಿಗಳ ಹಾರ್ನ್ ಮೇಲಿನವರೆಗೂ ಕೇಳುತ್ತದೆ. ತಿಳಿಯಾದ ದಿನ ಇಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ ಅಂತಾರೆ. ನಮಗೆ ಕಂಡಿದ್ದು ಬರೀ ಮಂಜು.

"ಇಷ್ಟು ಗಿಡ್ಡ ಗೋಡೆಯಾ ಮಾರಾಯ?" ಅಂದರು ಭಾವ. ನಿಜ, ಚಿತ್ರದುರ್ಗ ನೋಡಿದವರಿಗೆ ಇದು ಸಪ್ಪೆ. ಆದರೆ ಫಿರಂಗಿ ಬಂದ ಮೇಲೆ ಎತ್ತರದ ಗೋಡೆ ಅಂದರೆ ದೊಡ್ಡ ಗುರಿ ಅಷ್ಟೇ. ಗಿಡ್ಡಗೆ, ದಪ್ಪಗೆ, ಓರೆಯಾಗಿ ಇದ್ದರೆ ಗುಂಡು ತಡೆಯುತ್ತದೆ. ಇದು ಫ್ರಾನ್ಸಿನ ಎಂಜಿನಿಯರ್ ವೋಬಾನ್‌ನ ಪದ್ಧತಿ.

ಎಂಟು ಮೂಲೆಯ ನಕ್ಷತ್ರದ ಆಕಾರ ಕೂಡ ಚೆಂದಕ್ಕೆ ಮಾಡಿದ್ದಲ್ಲ. ಭಾವನನ್ನು ಒಂದು ಮೂಲೆಗೆ ಕಳಿಸಿ, ನಾನು ಪಕ್ಕದ ಮೂಲೆಯಲ್ಲಿ ನಿಂತೆ. ಅವರ ಕೆಳಗಿನ ಗೋಡೆಯ ಬುಡ ಅವರಿಗೆ ಕಾಣಲ್ಲ, ನನಗೆ ಪೂರ್ತಿ ಕಾಣುತ್ತದೆ. ನನ್ನ ಬುಡ ಅವರಿಗೆ ಕಾಣುತ್ತದೆ. ಗುಂಡನೆಯ ಬುರುಜಿನಲ್ಲಿ ಬುಡಕ್ಕೆ ಅಂಟಿಕೊಂಡು ನಿಂತ ಶತ್ರು ಬಚಾವ್. ಇಲ್ಲಿ ಅವನಿಗೆ ಅಡಗಲು ಜಾಗವೇ ಇಲ್ಲ. "ಓ, ನೀನು ನನ್ನನ್ನು ಕಾಯುವುದು, ನಾನು ನಿನ್ನನ್ನು!" ಅಂತ ಭಾವ ಅಲ್ಲಿಂದಲೇ ಕೂಗಿದರು. ಸೆಲ್ಫಿ ತೆಗೆಯುತ್ತಿದ್ದ ಹುಡುಗರೆಲ್ಲ ತಿರುಗಿ ನೋಡಿದರು.

ಈಗ ಎಲ್ಲರಿಗೂ ಡ್ರೋನ್ ಫೋಟೋದಿಂದಲೇ ಈ ನಕ್ಷತ್ರ ಗೊತ್ತು. ಆದರೆ ಬಾಗಿಲ ಕಮಾನಿನ ಕೆಳಗೆ ನಿಂತು ಕತ್ತೆತ್ತಿದರೆ ಸಾಕು, ಕೋಟೆಯ ನಕ್ಷೆ ಛಾವಣಿಯಲ್ಲೇ ಇದೆ. ಜನ ಸುಮ್ನೆ ಅದರ ಕೆಳಗೇ ಹಾದು ಹೋಗುತ್ತಾರೆ. ನನಗೆ ಇಡೀ ಕೋಟೆಯಲ್ಲಿ ಜಾಸ್ತಿ ಇಷ್ಟ ಆಗೋದು ಅದೇ.

ಹೊರಗೋಡೆ ಕಲ್ಲು ಮತ್ತು ಸುಣ್ಣದ ಗಾರೆ, ಒಳಗಿನ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆ. ನಡುವೆ ಕೂಡಿಸುವ ಗುರುತಿನ ಆಕಾರದ ಮೆಟ್ಟಿಲುಬಾವಿ. ಅದರ ಹತ್ತಿರ ಅರ್ಧ ನೆಲದೊಳಗೆ ಹೂತಂತಿರುವ ಎರಡು ಮದ್ದಿನ ಕೋಣೆ. ಒಳಗೆ ತಣ್ಣಗಿತ್ತು. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಅಂತ ಯಾರೋ ಪಕ್ಕದಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ನಮ್ಮ ಕಡೆ ಸುರಂಗ ಇಲ್ಲದ ಕೋಟೆಯೇ ಇಲ್ಲ ಬಿಡಿ.

"ಸರಿ, ಆಮೇಲೆ ಈ ದಾರಿಯಲ್ಲಿ ಬಂದರಾ ಅವರು?" ಅಂತ ಭಾವ ಇಳಿಯುವಾಗ ಕೇಳಿದರು. 1799ರ ಕೊನೆಯ ಯುದ್ಧದಲ್ಲೂ ಬಾಂಬೆ ಸೈನ್ಯ ಪಶ್ಚಿಮ ಕರಾವಳಿಯಿಂದಲೇ ಹೊರಟಿತು. ಆದರೆ ಕಣ್ಣೂರಿನಿಂದ ಹೊರಟು, ಕೊಡಗಿನ ಮೂಲಕ ಹತ್ತಿತು. ಈ ಘಾಟಿಯ ತಂಟೆಗೇ ಬರಲಿಲ್ಲ.

"ಹಾಗಾದರೆ ಕೊಡಗಲ್ಲೂ ಒಂದು ನಕ್ಷತ್ರ ಕಟ್ಟಬೇಕಿತ್ತಲ್ವಾ ಮಾರಾಯ!" ಅಂದವರೇ, ಮೆಟ್ಟಿಲ ಮೇಲೆ ಕೂತು ಪ್ಯಾಂಟ್ ಮಡಚಿ ಇಂಬಳ ಹುಡುಕತೊಡಗಿದರು.