ಡನ್‌ವೆಗನ್‌ನ ಸೂರಿನ ಖರ್ಚು

ಸ್ಕಾಟ್ಲೆಂಡಿನಲ್ಲಿ ನಾಲ್ಕು ಕೋಟೆ ನೋಡಿದ ಮೇಲೆ ಐದನೆಯದು ಯಾರಿಗೂ ಬೇಡ. ಸ್ಕೈ ದ್ವೀಪದ ಡನ್‌ವೆಗನ್‌ಗೆ ಹೋಗೋಣ ಎಂದಾಗ ಅಮ್ಮ, "ಪುನಃ ಕೋಟೆಯಾ ಮಾರಾಯ್ತಿ?" ಎಂದರು. ಅಪ್ಪ ಮಾತ್ರ ಬೆಳಗ್ಗೆಯೇ ಶೂ ಹಾಕಿಕೊಂಡು ರೆಡಿ. ಮಂಗಳೂರಿನ ಹಳೇ ಕಥೆ ಎಲ್ಲಿ ಸಿಕ್ಕಿದರೂ ಓದುವವರು ಅವರು. ಈ ಮನೆಯವನೊಬ್ಬ ನಮ್ಮೂರಿನ ತನಕ ಬಂದಿದ್ದ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಡನ್‌ವೆಗನ್ ಮ್ಯಾಕ್‌ಲಿಯೋಡ್ ಕುಲದ ಮೂಲಮನೆ. ಸುಮಾರು 800 ವರ್ಷಗಳಿಂದ ಅವರ ಕೈ ತಪ್ಪಿಲ್ಲ. ಸಮುದ್ರದಂಚಿನ ಬಂಡೆಯ ಮೇಲೆ ಕೂತಿದೆ. 1748ರವರೆಗೆ ಒಳಗೆ ಹೋಗಬೇಕಿದ್ದರೆ ದೋಣಿಯಲ್ಲಿ ಬಂದು ಸಮುದ್ರದ ಕಡೆಯ ಬಾಗಿಲಿನಿಂದಲೇ ಹತ್ತಬೇಕಿತ್ತು. ನಮ್ಮ ಕಡೆ ಕುಟುಂಬದ ತರವಾಡು ಮನೆ ಇರುತ್ತದಲ್ಲ, ಲೆಕ್ಕ ಹೆಚ್ಚುಕಮ್ಮಿ ಅದೇ. ಎಲ್ಲೆಲ್ಲೋ ಚದುರಿಹೋದ ಮ್ಯಾಕ್‌ಲಿಯೋಡರು ಇವತ್ತಿಗೂ ಇಲ್ಲಿಗೆ ಬಂದು ಸೇರುತ್ತಾರೆ. ನಮ್ಮಂಥವರನ್ನು ಟಿಕೆಟ್ ಕೊಟ್ಟು ಒಳಗೆ ಬಿಡಲು ಶುರು ಮಾಡಿದ್ದು 1933ರಲ್ಲಿ.

ಎಲ್ಲರೂ ಮೊದಲು ಓಡುವುದು ಯಕ್ಷಿಣಿ ಧ್ವಜದ ಕಡೆಗೆ. ಗಾಜಿನ ಹಿಂದೆ ಕಂದು ಬಣ್ಣಕ್ಕೆ ತಿರುಗಿದ ಒಂದು ತುಂಡು ರೇಷ್ಮೆ. ಅಂಚೆಲ್ಲ ಹರಿದಿದೆ, ನಡುವೆ ತೂತುಗಳು. ಹತ್ತಿರ ಮುಖ ಇಟ್ಟು ನೋಡಿದರೆ ಯಾರೋ ತಾಳ್ಮೆಯಿಂದ ರಫು ಮಾಡಿದ ಗುರುತು ಕಾಣುತ್ತದೆ. ಕುಲದ ಮುಖ್ಯಸ್ಥನೊಬ್ಬ ಯಕ್ಷಿಣಿಯನ್ನು ಮದುವೆಯಾದ, ಬಿಟ್ಟುಹೋಗುವಾಗ ಅವಳು ಇದನ್ನು ಕೊಟ್ಟಳು ಎಂದು ಕಥೆ. ಯುದ್ಧದಲ್ಲಿ ಬಿಚ್ಚಿ ಹಾರಿಸಿದರೆ ಗೆಲುವು ಖಂಡಿತವಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕುಲದ ಹುಡುಗರು ಇದರ ಫೋಟೋ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತುತ್ತಿದ್ದರು. ಬಟ್ಟೆ ಪೂರ್ವ ದೇಶಗಳ ಕಡೆಯದು, ಮನೆಗಿಂತಲೂ ಹಳೆಯದು ಎನ್ನುತ್ತಾರೆ ಬಲ್ಲವರು. ಅಮ್ಮನಿಗೆ ರಫು ಕೆಲಸ ಮಾತ್ರ ಹಿಡಿಸಿತು.

ಪಕ್ಕದಲ್ಲೇ ಬೆಳ್ಳಿ ಕಟ್ಟು ಹಾಕಿದ ಎತ್ತಿನ ಕೊಂಬು. ಮುಖ್ಯಸ್ಥನಾಗುವವನು ಇದರ ತುಂಬ ವೈನ್ ತುಂಬಿಸಿ, ಕೆಳಗಿಡದೆ ಒಂದೇ ಸಲಕ್ಕೆ ಕುಡಿದು ಮುಗಿಸಬೇಕು. 1965ರಲ್ಲಿ ಜಾನ್ ಮ್ಯಾಕ್‌ಲಿಯೋಡ್ ಎರಡು ನಿಮಿಷದೊಳಗೆ ಮುಗಿಸಿದ್ದರಂತೆ. ಬಂದೀಖಾನೆ ಇರುವುದು ಅಡುಗೆಮನೆಯ ಹತ್ತಿರ. ಹಸಿದು ಕೂತ ಕೈದಿಗೆ ಮೇಲಿನ ಮಾಂಸದಡುಗೆಯ ವಾಸನೆ ಬರಲಿ ಎಂದು! ಎಂಥ ತಲೆಯಪ್ಪ.

ಅಪ್ಪ ಹುಡುಕುತ್ತಿದ್ದದ್ದು 23ನೇ ಮುಖ್ಯಸ್ಥ ನಾರ್ಮನ್‌ನನ್ನು. ಅಜ್ಜ ಬಿಟ್ಟುಹೋದ ಸಾಲದ ಹೊರೆ ಹೊತ್ತೇ ಚಿಕ್ಕ ವಯಸ್ಸಿನಲ್ಲಿ ಯಜಮಾನನಾದವನು. 1773ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವನ ಗೆಳೆಯ ಬಾಸ್ವೆಲ್ ಇಲ್ಲಿ ಬಂದು ಉಳಿದಾಗ ಆತಿಥ್ಯ ಮಾಡಿದವನೂ ಅವನೇ. ಈ ಬಂಡೆ ಸಾಕು, ಬೇರೆ ಕಡೆ ಅನುಕೂಲದ ಮನೆ ಕಟ್ಟೋಣ ಎಂದು ಅವನ ತಾಯಿ ಹೇಳಿದರೆ ಬಾಸ್ವೆಲ್ ಬೇಡವೇ ಬೇಡ ಎಂದನಂತೆ. ನೆಂಟನಿಗೇನು, ಸೂರು ಸೋರಿದರೆ ದುಡ್ಡು ಕೊಡಬೇಕಾದವನು ಅವನಲ್ಲವಲ್ಲ. ನಾರ್ಮನ್ 1779ರಲ್ಲಿ ಹ್ಯಾರಿಸ್ ದ್ವೀಪವನ್ನೇ ಮಾರಿದ. ಆಮೇಲೆ ಬ್ರಿಟಿಷ್ ಸೈನ್ಯದೊಂದಿಗೆ ಹಡಗು ಹತ್ತಿ ಇಂಡಿಯಾಕ್ಕೆ ಬಂದ.

1782ರ ನವೆಂಬರಿನಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಅವನ ಎದುರು ನಿಂತದ್ದು ಟಿಪ್ಪು. ಮರುವರ್ಷ ಕರಾವಳಿ ಸಮುದ್ರದಲ್ಲಿ ಅವನಿದ್ದ ಹಡಗನ್ನು ಮರಾಠಾ ಹಡಗುಗಳು ಮುತ್ತಿದಾಗ ಗುಂಡೇಟು ತಿಂದ. ಅದೇ ಹಡಗಿನಲ್ಲಿದ್ದ ಮೆಕೆಂಜಿ ಕುಲದ ಮುಖ್ಯಸ್ಥ ಹಂಬರ್‌ಸ್ಟನ್ ಸತ್ತ. ಆಮೇಲೆ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕ್ಯಾಂಪ್‌ಬೆಲ್ ಎಂಬ ಬ್ರಿಟಿಷ್ ಅಧಿಕಾರಿಯ ಪಡೆ ಹಸಿವಿನಿಂದ ಸಾಯುತ್ತಿತ್ತು. ನವೆಂಬರಿನಲ್ಲಿ ನಾರ್ಮನ್ ಸೈನ್ಯ ತುಂಬಿದ ಹಡಗುಗಳೊಂದಿಗೆ ಕೋಟೆಯ ಎದುರಿಗೇ ಬಂದು ನಿಂತ. ಆದರೆ ಆಗ ಕದನವಿರಾಮ ಇತ್ತು. ಸೈನ್ಯ ಇಳಿಸಲಿಲ್ಲ. ಒಂದಷ್ಟು ದಿನಸಿ ಕೊಟ್ಟು ವಾಪಸ್ ಹೋದ. 1784ರ ಜನವರಿ ಕೊನೆಗೆ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ.

ಅಪ್ಪ ಇದನ್ನೆಲ್ಲ ಅಲ್ಲಿನ ಗೈಡ್ ಹೆಂಗಸಿಗೆ ಹೇಳಿದರು. ಚೌಕಳಿ ಲಂಗದ ಆಕೆ ಪಾಪ, ಕಿವಿಗೊಟ್ಟು ಕೇಳಿ, "ಮಂಗಳೂರು ಸಮುದ್ರದ ಪಕ್ಕವೇ ಇದೆಯಾ?" ಎಂದರು. ಅಪ್ಪ ಫೋನಿನಲ್ಲಿ ಸುಲ್ತಾನ್ ಬತ್ತೇರಿಯ ಫೋಟೋ ತೆಗೆದು ತೋರಿಸಿದರು.

ನನಗೆ ಜಾಸ್ತಿ ಅನ್ನಿಸಿದ್ದು ಬೇರೆ. ಈ ಮನೆಯಲ್ಲಿ ಯಾರ ಕಾಲ ನೋಡಿದರೂ ದುಡ್ಡಿನದ್ದೇ ಚಿಂತೆ. ನಾರ್ಮನ್ ದ್ವೀಪ ಮಾರಿದ. 2000ದಲ್ಲಿ, ಅದೇ ಕೊಂಬು ಕುಡಿದ ಜಾನ್, ಸೋರುವ ಛಾವಣಿ ರಿಪೇರಿಗೆಂದು ಸ್ಕೈ ದ್ವೀಪದ ಕಪ್ಪು ಕುಯ್ಲಿನ್ ಬೆಟ್ಟಸಾಲನ್ನೇ 1 ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟರು. ಬೆಟ್ಟ ಮಾರಲು ಇವರು ಯಾರು ಎಂದು ಜನ ಗಲಾಟೆ ಎಬ್ಬಿಸಿದರು. ಮಾರಾಟ ಆಗಲಿಲ್ಲ. ಜನರ ಸಿಟ್ಟು ಸರಿಯೇ ಇತ್ತು ಎನ್ನುವವಳು ನಾನು. ಆದರೂ ಅಷ್ಟು ದೊಡ್ಡ ಛಾವಣಿ ನೋಡಿದಾಗ ಆ ಮನುಷ್ಯನ ಸಂಕಟವೂ ಅರ್ಥವಾಗುತ್ತದೆ. ಈಗ ಟಿಕೆಟ್, ತೋಟ, ಕೆಫೆ, ಸೀಲ್ ಪ್ರಾಣಿ ತೋರಿಸುವ ದೋಣಿ, ಎಲ್ಲದರಿಂದಲೂ ಚಿಲ್ಲರೆ ಕೂಡಿಸುತ್ತಿದ್ದಾರೆ. ಬೆಟ್ಟ ಮಾರುವುದಕ್ಕಿಂತ ಇದು ವಾಸಿ, ಅಲ್ವಾ?

ಪೋರ್ಟ್ರೀಗೆ ವಾಪಸ್ ಬರುವಾಗ ಕಾರಿನಲ್ಲಿ ಅಪ್ಪನದ್ದು ಒಂದೇ ಹಟ. "ಅಷ್ಟು ಹತ್ತಿರ ಬಂದವನು ಇಳಿಯಬೇಕಿತ್ತು. ಹಸಿದವರನ್ನು ನೋಡಿ ಹಾಗೆ ಹೋಗುವುದಾ?" ಹಿಂದಿನ ಸೀಟಿನಿಂದ ಅಮ್ಮ, "ಇಳಿದಿದ್ದರೆ ನಮ್ಮೂರಲ್ಲಿ ಇನ್ನೂ ನಾಲ್ಕು ತಿಂಗಳು ಫಿರಂಗಿ ಹೊಡೀತಿದ್ದರು. ಹೋದದ್ದೇ ಒಳ್ಳೇದಾಯ್ತು" ಎಂದರು. ಅಪ್ಪ ಒಪ್ಪಲಿಲ್ಲ.